ಉಳಿಸಿದ ಪುಟ ಉಳಿಯುತ್ತದೆಯೇ?

ಕಥಾಸಂಕಲನವನ್ನೋ ನಾಟಕದ ಪ್ರಯೋಗವನ್ನೋ ವಿಮರ್ಶೆಗೆ ಎತ್ತಿಕೊಳ್ಳುವುದು ಈ ಪುಟಗಳ ವಾಡಿಕೆ. ಈ ತಿಂಗಳು ನಾವು ಎತ್ತಿಕೊಂಡಿರುವುದು ಪುಸ್ತಕವಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿರುವ ಒಂದು ಆಜ್ಞೆ. ‘ಸೇವ್ ಪೇಜ್ ಆ್ಯಸ್’ ಎಂದು ಅದರ ಹೆಸರು. ಈಗ ಓದುತ್ತಿರುವ ಪುಟವನ್ನು ನಿಮ್ಮ ಯಂತ್ರದಲ್ಲೇ ಇಟ್ಟುಕೊಡುತ್ತೇನೆ, ಅಂತರ್ಜಾಲದ ಸಂಪರ್ಕ ಇಲ್ಲದಾಗಲೂ ತೆರೆದು ಓದಿಕೊಳ್ಳಿ ಎಂದು ಅದು ಮಾತು ಕೊಡುತ್ತದೆ. ಆ ಮಾತನ್ನು ಅದು ಎಷ್ಟರಮಟ್ಟಿಗೆ ನಡೆಸಿಕೊಟ್ಟಿದೆ, ಅದರಲ್ಲೂ ಕನ್ನಡ ಓದುವವರ ಮಟ್ಟಿಗೆ ಅದರ ಯೋಗ್ಯತೆ ಏನು ಎಂದು ನೋಡುವುದು ಈ ಲೇಖನದ ಉದ್ದೇಶ.

ಇದೂ ಒಂದು ವಿಮರ್ಶೆಯ ವಸ್ತುವೇ ಎಂದು ಹುಬ್ಬೇರಿಸುವ ವಾಚಕರು ಇದ್ದೇ ಇರುತ್ತಾರೆ. ಅವರು ತಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಲಿ. ಮುಂಬಯಿಯಲ್ಲೋ ಪುಣೆಯಲ್ಲೋ ದೆಹಲಿಯಲ್ಲೋ ನೆಲೆಸಿದ ನಮಗೆ ಬೀದಿಯ ತಿರುವಿನಲ್ಲಿ ಕನ್ನಡ ಪುಸ್ತಕದ ಅಂಗಡಿ ಇಲ್ಲ. ಸಂಘದ ವಾಚನಾಲಯ ಸಂಜೆ ತೆರೆಯುತ್ತದೆ, ನಾವು ಲೋಕಲ್ ರೈಲಿನಿಂದ ಇಳಿದು ಮನೆ ಸೇರುವ ಹೊತ್ತಿಗೆ ಮುಚ್ಚಿರುತ್ತದೆ. ಹೀಗಾಗಿ ನಮ್ಮ ದಿನನಿತ್ಯದ ಕನ್ನಡ ಓದು ಬಹುಮಟ್ಟಿಗೆ ಪರದೆಯ ಮೇಲೆಯೇ ನಡೆಯುತ್ತಿದೆ. ಊರಿನ ಜಾತ್ರೆಯ ಸುದ್ದಿ, ಹವ್ಯಾಸಿ ಇತಿಹಾಸಕಾರರೊಬ್ಬರು ನಮ್ಮ ಹೋಬಳಿಯ ವೀರಗಲ್ಲಿನ ಬಗ್ಗೆ ಬರೆದ ಟಿಪ್ಪಣಿ, ಮಗಳಿಗೆ ತೋರಿಸಬೇಕೆಂದಿದ್ದ ಒಂದು ಮಕ್ಕಳ ಕಥೆ ಎಲ್ಲವೂ ಅಲ್ಲೇ. ಬೆಂಗಳೂರಿನಲ್ಲಿರುವವರು ಒಂದು ಪುಟ ಕಾಣೆಯಾದರೆ ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಚಿಕೆ ಹುಡುಕಬಹುದು. ನಮಗೆ ಆ ಅನುಕೂಲವೂ ಇಲ್ಲ.

ಪುಟಗಳು ಕಾಣೆಯಾಗುವುದೇನೂ ಅಪರೂಪವಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಜಾಲಪುಟಗಳ ಪೈಕಿ ಶೇಕಡ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗದಂತಾಗಿದ್ದವು. ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿದ್ದ ಜಿಯೋಸಿಟೀಸ್ ಎಂಬ ದೊಡ್ಡ ತಾಣವನ್ನು ಯಾಹೂ ಕಂಪನಿ 2009ರಲ್ಲಿ ಮುಚ್ಚಿತು. ಕಳೆದುಹೋದ ಪುಟದ ನೆರಳನ್ನಾದರೂ ತೋರಿಸುತ್ತಿದ್ದ ಗೂಗಲ್‌ನ ‘ಕ್ಯಾಶ್’ ಕೊಂಡಿಯನ್ನು 2024ರಲ್ಲಿ ತೆಗೆದುಹಾಕಲಾಯಿತು. ಇಂಗ್ಲಿಷಿನ ಗತಿಯೇ ಹೀಗಿದ್ದ ಮೇಲೆ, ಒಬ್ಬರೋ ಇಬ್ಬರೋ ಕೈಯಿಂದ ಹಣ ಹಾಕಿ ನಡೆಸುವ ಕನ್ನಡ ತಾಣಗಳ ಗತಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಕಟ್ಟಬೇಕಾದ ಬಾಡಿಗೆ ಒಂದು ಸಲ ತಪ್ಪಿತೆಂದರೆ ಹತ್ತು ವರ್ಷದ ಬರವಣಿಗೆ ಹೇಳಹೆಸರಿಲ್ಲದೆ ಹೋಗುತ್ತದೆ.

ಉಳಿಸಿ ಇಡುವ ಅಭ್ಯಾಸ ನಮಗೆ ಹೊಸದಲ್ಲ. ‘ಸುಧಾ’ದಲ್ಲೋ ‘ತರಂಗ’ದಲ್ಲೋ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಯ ಹಾಳೆಗಳನ್ನು ವಾರವಾರವೂ ಬಿಡಿಸಿ ಜೋಡಿಸಿ, ಕೊನೆಗೆ ಬೈಂಡು ಮಾಡಿಸಿ ಇಟ್ಟ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಊರಿನಿಂದ ಬಂದ ಅತ್ತೆಯ ಟ್ರಂಕಿನಲ್ಲಿ, ದೊಡ್ಡಮ್ಮನ ಕಪಾಟಿನಲ್ಲಿ ಅಂಥ ಒಂದೆರಡು ಬೈಂಡು ಇದ್ದೇ ಇರುತ್ತಿದ್ದವು. ಅವುಗಳ ಗುಣವನ್ನು ಈಗ ನೆನೆಯಬೇಕು. ಹಾಳೆ ತಿರುವಿದರೆ ಹಿಂಬದಿಯಲ್ಲಿ ತಲೆಗೂದಲ ಎಣ್ಣೆಯ ಜಾಹೀರಾತಿನ ಅರ್ಧ ಭಾಗ, ಮೇಲೆ ಸಂಚಿಕೆಯ ತೇದಿ, ಶೀರ್ಷಿಕೆಯ ಕೆಳಗೆ ಲೇಖಕಿಯ ಹೆಸರು. ಪತ್ರಿಕೆ ನಿಂತರೂ, ಪ್ರಕಾಶಕರು ಮನಸ್ಸು ಬದಲಾಯಿಸಿದರೂ ಆ ಬೈಂಡಿಗೆ ಏನೂ ಆಗುತ್ತಿರಲಿಲ್ಲ. ಗೆದ್ದಲು ಬಂದರೆ ಮಾತ್ರ ತೊಂದರೆ. ಬ್ರೌಸರು ಉಳಿಸಿಕೊಟ್ಟ ಪುಟವನ್ನು ನಾವು ಈ ಬೈಂಡಿನ ಪಕ್ಕದಲ್ಲಿಟ್ಟು ತೂಗಿ ನೋಡುತ್ತೇವೆ. ಬೇರೆ ಯಾವ ಅಳತೆಗೋಲೂ ನಮಗೆ ಬೇಕಾಗಿಲ್ಲ.

ಮೊದಲು ಆಜ್ಞೆಯ ಸ್ವರೂಪ. ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬ್ರೌಸರು ಒಂದು ಪೆಟ್ಟಿಗೆ ತೆರೆದು, ಯಾವ ರೂಪದಲ್ಲಿ ಉಳಿಸಲಿ ಎಂದು ಕೇಳುತ್ತದೆ. ‘ಎಚ್‌ಟಿಎಂಎಲ್ ಮಾತ್ರ’ ಎಂದರೆ ಅಕ್ಷರಗಳು ಬರುತ್ತವೆ, ಚಿತ್ರಗಳು ಬರುವುದಿಲ್ಲ. ‘ಪೂರ್ಣ ಪುಟ’ ಎಂದರೆ ಒಂದು ಫೈಲೂ ಅದೇ ಹೆಸರಿನ ಒಂದು ಫೋಲ್ಡರೂ ಹುಟ್ಟುತ್ತವೆ. ಚಿತ್ರ, ವಿನ್ಯಾಸ ಎಲ್ಲವೂ ಆ ಫೋಲ್ಡರಿನೊಳಗೆ. ಈ ಜೋಡಿಯನ್ನು ಅಗಲಿಸಬಾರದು. ಆದರೆ ಅಗಲಿಸಬಾರದೆಂದು ಯಾರು ಹೇಳಬೇಕು? ಫೈಲನ್ನು ಮಾತ್ರ ಮಿಂಚಂಚೆಯಲ್ಲಿ ಸೊಲ್ಲಾಪುರದ ತಂಗಿಗೆ ಕಳಿಸಿದರೆ, ಅವಳಿಗೆ ಸಿಗುವುದು ಚಿತ್ರವಿದ್ದ ಜಾಗದಲ್ಲಿ ಖಾಲಿ ಚೌಕಗಳು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಆಜ್ಞೆ ಹೀಗೆಯೇ ಉಳಿದು ಬಂದಿದೆ ಎಂಬುದು ಅದರ ಕರ್ತೃಗಳಿಗೆ ಶೋಭೆ ತರುವ ಮಾತಲ್ಲ.

ಈ ಅಗಲಿಕೆಗೆ ಪರಿಹಾರವನ್ನು ಹಿಂದೆಯೇ ಯೋಚಿಸಿದ್ದರು. ಪುಟದ ಅಕ್ಷರ, ಚಿತ್ರ, ವಿನ್ಯಾಸ ಎಲ್ಲವನ್ನೂ ಒಂದೇ ಲಕೋಟೆಗೆ ತುಂಬುವ ‘ಎಂಎಚ್‌ಟಿಎಂಎಲ್’ ಎಂಬ ಕ್ರಮವನ್ನು 1999ರಲ್ಲಿಯೇ ಬರೆದಿಟ್ಟರು. ಅದೇ ವರ್ಷ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಐದನೆಯ ಆವೃತ್ತಿ ಅದನ್ನು ಬಳಕೆಗೆ ತಂದಿತು. ಕ್ರಮ ಒಳ್ಳೆಯದೇ. ಆದರೆ ಫೈರ್‌ಫಾಕ್ಸ್ ಅದನ್ನು ತಾನಾಗಿ ತೆರೆಯುವುದಿಲ್ಲ. ಆಪಲ್‌ನ ಸಫಾರಿ ‘ವೆಬ್‌ಆರ್ಕೈವ್’ ಎಂದು ತನ್ನದೇ ಬೇರೆ ಲಕೋಟೆ ಮಾಡಿಕೊಂಡಿತು, ಅದನ್ನು ಇತರರು ತೆರೆಯುವುದಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ ಆದರೋ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಕ್ರೋಮ್ ಮತ್ತು ಎಡ್ಜ್‌ಗಳು ಇಂದಿಗೂ ಆ ಹಳೆಯ ಫೈಲನ್ನು ಓದುತ್ತವೆ ಎಂಬುದು ಸಮಾಧಾನದ ಸಂಗತಿ. ಒಬ್ಬ ಬೈಂಡರನು ಹೊಲಿದ ಪುಸ್ತಕವನ್ನು ಇನ್ನೊಬ್ಬ ಬೈಂಡರನ ಅಂಗಡಿಯಲ್ಲಿ ತೆರೆಯಲಾಗದು ಎಂದರೆ ನಮ್ಮ ಹಿರಿಯರು ನಗುತ್ತಿದ್ದರು.

ಇಷ್ಟು ಎಲ್ಲ ಭಾಷೆಗಳಿಗೂ ಸಮಾನವಾದ ಕಷ್ಟ. ಕನ್ನಡಕ್ಕೇ ವಿಶಿಷ್ಟವಾದ ಕಷ್ಟ ಬೇರೆ ಇದೆ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ವಿಧಿಯಿಲ್ಲ.

2000ದ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಗಳು ಅಂತರ್ಜಾಲಕ್ಕೆ ಬಂದಾಗ ಕಂಪ್ಯೂಟರುಗಳಿಗೆ ಕನ್ನಡ ತಿಳಿದಿರಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿತ್ತಾದರೂ ಅದು ಕಾಗದದ ಮೇಲಿನ ಸ್ಥಾನ. ಮನೆಯ ಕಂಪ್ಯೂಟರಿಗೆ ‘ತುಂಗಾ’ ಎಂಬ ಕನ್ನಡ ಅಕ್ಷರಗಳು ವಿಂಡೋಸ್ ಎಕ್ಸ್‌ಪಿಯ ಜತೆಯಲ್ಲಿ ಬಂದದ್ದು 2001ರಲ್ಲಿ. ಆಗಲೂ ಸೆಟ್ಟಿಂಗಿನ ಮೂಲೆಯಲ್ಲಿದ್ದ ಒಂದು ಚೌಕಕ್ಕೆ ಗುರುತು ಹಾಕಿ, ಸಿ.ಡಿ. ತೂರಿಸಿ ಮತ್ತೆ ಚಾಲೂ ಮಾಡಬೇಕಿತ್ತು. ಅಲ್ಲಿಯವರೆಗೆ, ಆಮೇಲೂ ಎಷ್ಟೋ ವರ್ಷ, ಕನ್ನಡ ತಾಣಗಳು ನಡೆದದ್ದು ಒಂದು ಉಪಾಯದಿಂದ. ಫೈಲಿನಲ್ಲಿ ಇರುತ್ತಿದ್ದುದು ರೋಮನ್ ಅಕ್ಷರಗಳು ಮತ್ತು ಕೊಂಬು, ಬಾಲ ಹಚ್ಚಿಕೊಂಡ ಯುರೋಪಿನ ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ಮುಖವಾಡ ತೊಡಿಸುವ ಕೆಲಸ ಫಾಂಟಿನದು. ಬರಹ, ನುಡಿ, ಆಕೃತಿ, ಶ್ರೀಲಿಪಿ ಎಂದು ಹಲವು ಮುಖವಾಡಗಳಿದ್ದವು. ಪತ್ರಿಕೆಗಳದ್ದು ಅವುಗಳಿಗೆ ಹೊರತಾದ ತಮ್ಮದೇ ಅಚ್ಚು. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕೆಲವು ತಾಣಗಳು ಫಾಂಟನ್ನು ಇಳಿಸಿಕೊಳ್ಳಿ ಎಂದು ಓದುಗನಿಗೇ ಹೇಳುತ್ತಿದ್ದವು. ಕೆಲವು ಪುಟದ ಜತೆಗೇ ಕಣ್ಣಿಗೆ ಕಾಣದಂತೆ ಕಳಿಸುತ್ತಿದ್ದವು.

ಈಗ, ಆ ಕಾಲದಲ್ಲಿ ಒಬ್ಬರು ಕಷ್ಟಪಟ್ಟು ‘ಪೂರ್ಣ ಪುಟ’ವಾಗಿ ಉಳಿಸಿದ ಒಂದು ಲೇಖನವನ್ನು ಇಂದು ತೆರೆಯೋಣ. ಶೀರ್ಷಿಕೆ ಇದೆ, ಚಿತ್ರ ಇದೆ, ಕಂಬಗಳು ನೆಟ್ಟಗೆ ನಿಂತಿವೆ. ಅಕ್ಷರ ಮಾತ್ರ ಕನ್ನಡವಲ್ಲ, ಯಾವ ಭಾಷೆಯೂ ಅಲ್ಲ. ಉಳಿಸುವ ಆಜ್ಞೆ ಚಿತ್ರಗಳನ್ನು ತಂದಿತು, ಜಾಹೀರಾತಿನ ಪಟ್ಟಿಯನ್ನೂ ತಂದಿತು, ಮುಖವಾಡವನ್ನು ತರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲ, ಅದನ್ನು ಕೊಡುತ್ತಿದ್ದ ತಾಣವೂ ಅನೇಕ ಸಲ ಇಲ್ಲ. ನುಡಿ, ಬರಹಗಳಲ್ಲಿದ್ದುದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಸಿಗುತ್ತವೆ. ಅವು ಕೆಲಸ ಮಾಡುತ್ತವೆ, ಅಲ್ಲಲ್ಲಿ ಒತ್ತಕ್ಷರ ನುಂಗಿದರೂ. ಆದರೆ ಪತ್ರಿಕೆಯ ಸ್ವಂತ ಫಾಂಟಿನಲ್ಲಿದ್ದ ಬರಹಕ್ಕೆ ಪರಿವರ್ತಕ ಸಿಗುವುದು ದುರ್ಲಭ. ಓದಲು ಬಾರದ ತಾಮ್ರಶಾಸನವನ್ನು ಮನೆಯಲ್ಲಿಟ್ಟುಕೊಂಡಂತಾಯಿತು. ಶಾಸನವಾದರೂ ಸಾವಿರ ವರ್ಷದ್ದು, ಇದು ಇಪ್ಪತ್ತು ವರ್ಷದ್ದು.

ಹೀಗಾಗಿ ಕನ್ನಡ ಅಂತರ್ಜಾಲದ ಮೊದಲ ದಶಕ ನಮ್ಮ ಕಣ್ಣೆದುರಿಗೇ ಓದಲಾಗದ್ದಾಗಿದೆ. ಹೊರನಾಡಿನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಹೊರನಾಡಿನವರು ಊರಿನ ಪತ್ರಿಕೆಯನ್ನು ಅದೇ ದಿನ ಬೆಳಗ್ಗೆ ಓದಲು ಸಾಧ್ಯವಾದದ್ದು ಆ ದಶಕದಲ್ಲಿಯೇ. ನಮ್ಮ ಸಂಘಗಳ ಮೊದಲ ಜಾಲತಾಣಗಳು, ನಾಟಕೋತ್ಸವದ ವರದಿಗಳು, ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು ಸೇರಿದ ಹಿರಿಯರ ನೆನಪುಗಳು ಆಗ ಅಚ್ಚಾದದ್ದೂ ಇಂಥ ಫಾಂಟುಗಳಲ್ಲೇ. ಅವುಗಳನ್ನು ಓದಿಸಬಲ್ಲ ಹಳೆಯ ಕಂಪ್ಯೂಟರು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಗುಜರಿಯವನಿಗೆ ಹಾಕುವ ಮೊದಲು ಅದರ ಫಾಂಟುಗಳ ಫೋಲ್ಡರನ್ನು ನಕಲು ಮಾಡಿಕೊಳ್ಳಿರಿ ಎಂಬುದು ನಮ್ಮ ವಿನಂತಿ. ಇಂದಿನ ತಾಣಗಳು ಯೂನಿಕೋಡ್‌ನಲ್ಲಿ ಇರುವುದರಿಂದ ಈಗ ಉಳಿಸುವ ಪುಟಗಳಿಗೆ ಈ ಗತಿ ಬಾರದು. ಆದರೂ ಒಂದು ಎಚ್ಚರ ಬೇಕು. ಲೇಖನದ ಅಕ್ಷರಗಳನ್ನಷ್ಟೇ ಎತ್ತಿ ನೋಟ್‌ಪ್ಯಾಡಿನಲ್ಲಿ ಅಂಟಿಸಿಡುವ ರೂಢಿ ಹಲವರಿಗಿದೆ. ಹಳೆಯ ವಿಂಡೋಸಿನಲ್ಲಿ ‘ಯೂನಿಕೋಡ್’ ಅಥವಾ ‘ಯುಟಿಎಫ್-8’ ಎಂದು ಆರಿಸದೆ ಉಳಿಸಿದರೆ ಮರುದಿನ ಸಿಗುವುದು ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. 2019ರ ನಂತರದ ವಿಂಡೋಸ್ 10ರಲ್ಲಿ ಈ ತೊಡಕು ತಾನಾಗಿ ನಿವಾರಣೆಯಾಗಿದೆ.

ಇನ್ನು, ‘ಆಮೇಲೆ ಓದುತ್ತೇನೆ’ ಎನ್ನುವವರಿಗಾಗಿ ಹುಟ್ಟಿಕೊಂಡ ಸೇವೆಗಳ ಮಾತು. ಇವುಗಳಲ್ಲಿ ಪ್ರಸಿದ್ಧವಾದದ್ದು ಪಾಕೆಟ್. 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಿಂದ ಆರಂಭವಾಯಿತು, 2012ರಲ್ಲಿ ಹೆಸರು ಬದಲಾಯಿಸಿಕೊಂಡಿತು, 2017ರಲ್ಲಿ ಫೈರ್‌ಫಾಕ್ಸಿನ ಒಡೆಯರಾದ ಮೊಜಿಲ್ಲಾ ಕೈ ಸೇರಿತು, 2025ರ ಜುಲೈ 8ರಂದು ಮುಚ್ಚಿತು. ಓದುಗರು ಅದರಲ್ಲಿ ವರ್ಷಗಟ್ಟಲೆ ‘ಉಳಿಸಿದ್ದು’ ಏನು? ಹಣ ಕೊಟ್ಟು ಶಾಶ್ವತ ಪ್ರತಿಯ ಸೌಲಭ್ಯ ಪಡೆದವರ ಮಾತು ಬಿಟ್ಟರೆ, ಉಳಿದವರ ಕೈಗೆ ಕೊನೆಗೆ ಬಂದದ್ದು ವಿಳಾಸಗಳ ಒಂದು ಪಟ್ಟಿ. ಆ ವಿಳಾಸಗಳ ಮನೆಗಳಲ್ಲಿ ಎಷ್ಟೋ ಆಗಲೇ ಬೀಗ ಬಿದ್ದಿದ್ದವು. ಇದೇ ಬಗೆಯ ಓಮ್ನಿವೋರ್ ಎಂಬ ಇನ್ನೊಂದು ಸೇವೆ 2024ರ ನವೆಂಬರ್‌ನಲ್ಲಿ ನಿಂತಿತು. ವಿಳಾಸವನ್ನು ಬರೆದಿಟ್ಟುಕೊಳ್ಳುವುದನ್ನು ‘ಸೇವ್’ ಎಂದು ಕರೆದದ್ದೇ ಈ ಸೇವೆಗಳ ಮೊದಲ ದೋಷ. ಸಂಬಂಧಿಕರ ವಿಳಾಸ ಡೈರಿಯಲ್ಲಿದ್ದ ಮಾತ್ರಕ್ಕೆ ಅವರು ನಮ್ಮ ಮನೆಯಲ್ಲಿ ಇದ್ದಾರೆಂದು ಯಾರೂ ಹೇಳುವುದಿಲ್ಲ. ಮೊಬೈಲಿನ ‘ಬುಕ್‌ಮಾರ್ಕ್’, ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಳ್ಳುವ ಕೊಂಡಿ ಇವೂ ಅದೇ ಜಾತಿಯವು.

ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ. ಬೇಸಗೆ ರಜೆಗೆ ಊರಿಗೆ ಹೊರಟ ಕುಟುಂಬ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿ, ಕತ್ತಲಾಗುವ ಹೊತ್ತಿಗೆ ಕೊಂಕಣ ರೈಲ್ವೆಯ ಗುಡ್ಡಗಳ ನಡುವೆ ಇರುತ್ತದೆ. ಆ ದಾರಿಯಲ್ಲಿ ಸುಮಾರು 90 ಸುರಂಗಗಳಿವೆ. ರತ್ನಾಗಿರಿಯ ಬಳಿಯ ಕರ್ಬುಡೆ ಒಂದೇ ಆರೂವರೆ ಕಿಲೋಮೀಟರು. ಮೊಬೈಲಿನ ಸಂಪರ್ಕ ಬರುತ್ತದೆ, ಹೋಗುತ್ತದೆ. ಕೊಂಡಿ ಇಟ್ಟುಕೊಂಡವರು ಬಿಳಿಯ ಪರದೆ ನೋಡುತ್ತಾ ಕೂಡುತ್ತಾರೆ, ಪುಟ ಇಟ್ಟುಕೊಂಡವರು ಮಕ್ಕಳಿಗೆ ಕಥೆ ಓದಿ ಹೇಳುತ್ತಾರೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೆನುವಿನ ಮೇಲ್ಭಾಗದ ಬಾಣದ ಗುರುತು ಒತ್ತಿದರೆ ಪುಟ ಇಳಿದು ಕೂಡುತ್ತದೆ. ಐಫೋನಿನಲ್ಲಿ ‘ರೀಡಿಂಗ್ ಲಿಸ್ಟ್’ಗೆ ಸೇರಿಸಿ, ಆಫ್‌ಲೈನ್ ಉಳಿಸುವ ಆಯ್ಕೆಯನ್ನು ಆರಿಸಿರಬೇಕು. ಒಂದು ಪ್ರಯಾಣದ ಮಟ್ಟಿಗೆ ಇವೆರಡೂ ಸಾಕು, ಈ ವಿಷಯದಲ್ಲಿ ನಮ್ಮ ಪ್ರಶಂಸೆ ಮನಃಪೂರ್ವಕ. ಆದರೆ ಹೊಸ ಫೋನು ಕೊಂಡಾಗ ಇವು ತಾವಾಗಿಯೇ ಜತೆಗೆ ಬರುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ರೈಲಿನ ಬುತ್ತಿಯನ್ನು ವರ್ಷದ ದಿನಸಿ ಎಂದುಕೊಳ್ಳಬಾರದು.

ಮನೆಗಳಲ್ಲಿ ಹೆಚ್ಚಾಗಿ ನಡೆಯುವ ಪದ್ಧತಿ ಇದೊಂದೂ ಅಲ್ಲ. ಪರದೆಯ ಚಿತ್ರ ತೆಗೆದಿಡುವುದು, ಅದೇ ಸ್ಕ್ರೀನ್‌ಶಾಟ್. ಮೂರು ಬೆರಳು ಎಳೆದರೆ ಮುಗಿಯಿತು. ಮಗ್ಗುಲ ಮನೆಯ ಕಾಕಿಗೂ ಬರುತ್ತದೆ, ಊರಿನ ಮಾವನಿಗೂ ಬರುತ್ತದೆ. ಆದರೆ ಅದು ಪುಟವಲ್ಲ, ಪುಟದ ಛಾಯಾಚಿತ್ರ. ಅದರೊಳಗೆ ಒಂದು ಪದ ಹುಡುಕಲಾಗದು, ನಾಲ್ಕು ಸಲ ವಾಟ್ಸಾಪಿನಲ್ಲಿ ತಿರುಗಿದ ಮೇಲೆ ಒತ್ತಕ್ಷರಗಳು ಮಸುಕಾಗಿ ‘ತ್ತ’ ಯಾವುದು ‘ತ್ರ’ ಯಾವುದು ಎಂದು ಕನ್ನಡಕ ಒರೆಸಿಕೊಳ್ಳಬೇಕು. ಉದ್ದನೆಯ ಲೇಖನವಾದರೆ ಏಳು ಚಿತ್ರಗಳಲ್ಲಿ ನಾಲ್ಕನೆಯದು ಎಲ್ಲೋ ತಪ್ಪಿಹೋಗಿರುತ್ತದೆ.

ಅದಕ್ಕಿಂತ ಎಷ್ಟೋ ಮೇಲು ಪಿಡಿಎಫ್. ‘ಪ್ರಿಂಟ್’ ಎಂದು ಹೇಳಿ, ಮುದ್ರಣಯಂತ್ರದ ಬದಲು ಪಿಡಿಎಫ್ ಆರಿಸಿದರೆ ಫಾಂಟೂ ಒಳಗೇ ಸೇರಿಕೊಳ್ಳುತ್ತದೆ, ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ನಾವು ಮೇಲೆ ಹೇಳಿದ ಮುಖವಾಡದ ಕಷ್ಟ ಇದಕ್ಕಿಲ್ಲ. ಮೇಲೋ ಕೆಳಗೋ ತಾಣದ ವಿಳಾಸವೂ ತೇದಿಯೂ ಅಚ್ಚಾಗುವ ಆಯ್ಕೆ ಇದೆ, ಆ ಗುರುತನ್ನು ತೆಗೆಯಬಾರದು. ದೋಷ ಎರಡು. ಮೊದಲನೆಯದು ತಾಣಗಳ ತಪ್ಪು: ಪರದೆಯ ನೆತ್ತಿಗೆ ಅಂಟಿಕೊಂಡ ಪಟ್ಟಿ ಪ್ರತಿ ಹಾಳೆಯಲ್ಲೂ ಬಂದು ಎರಡು ಸಾಲನ್ನು ಮುಚ್ಚುತ್ತದೆ. ಫೈರ್‌ಫಾಕ್ಸ್ ಮುಂತಾದವುಗಳಲ್ಲಿರುವ ‘ರೀಡರ್ ವ್ಯೂ’ ಒತ್ತಿ, ಪುಟ ಶುಚಿಯಾದ ಮೇಲೆ ಮುದ್ರಿಸಿದರೆ ಇದು ತಪ್ಪುತ್ತದೆ. ಎರಡನೆಯದು ಆಳವಾದ ದೋಷ. ಕಣ್ಣಿಗೆ ಚೊಕ್ಕವಾಗಿ ‘ಧರ್ಮ’ ಎಂದು ಕಾಣುವ ಪದವನ್ನು ಪಿಡಿಎಫ್‌ನಿಂದ ನಕಲು ಮಾಡಿ ಬೇರೆಡೆ ಅಂಟಿಸಿದರೆ ಎಷ್ಟೋ ಸಲ ಅರ್ಕಾವತ್ತು ಒಂದು ಕಡೆ, ಮಕಾರ ಒಂದು ಕಡೆ ಆಗಿ ಬೀಳುತ್ತದೆ. ಪಿಡಿಎಫ್ ನೆನಪಿಟ್ಟುಕೊಳ್ಳುವುದು ಅಕ್ಷರದ ಆಕಾರವನ್ನು ಮತ್ತು ಅದು ಕೂತ ಜಾಗವನ್ನು. ಕನ್ನಡದಲ್ಲಿ ಕೂತ ಜಾಗದ ಕ್ರಮವೂ ಉಚ್ಚಾರದ ಕ್ರಮವೂ ಒಂದೇ ಅಲ್ಲವಲ್ಲ. ಹೀಗಾಗಿ ಹುಡುಕಿದರೆ ಪದ ಸಿಗದು. ಓದಲು ಪಿಡಿಎಫ್ ಉತ್ತಮ. ಐದು ವರ್ಷದ ನಂತರ ಇನ್ನೂರು ಪಿಡಿಎಫ್‌ಗಳ ನಡುವೆ ನಮ್ಮೂರಿನ ಹೆಸರು ಎಲ್ಲಿದೆ ಎಂದು ಹುಡುಕಲು ಅಲ್ಲ.

ತಾಣ ನಡೆಸುವವರನ್ನೂ ಇಲ್ಲಿ ಎರಡು ಮಾತು ಕೇಳಬೇಕಾಗಿದೆ. ಈಗಿನ ಹಲವು ಪುಟಗಳಲ್ಲಿ ಚಿತ್ರಗಳು ನಾವು ಕೆಳಗಿಳಿದಂತೆಲ್ಲ ಒಂದೊಂದಾಗಿ ಬರುತ್ತವೆ. ಮೊದಲೇ ಉಳಿಸಿದರೆ ಕೆಳಗಿನ ಚಿತ್ರಗಳ ಜಾಗ ಖಾಲಿ. ಆದ್ದರಿಂದ ಉಳಿಸುವ ಮೊದಲು ಕೊನೆಯ ಸಾಲಿನವರೆಗೆ ಒಮ್ಮೆ ಜಾರಿಸಿ ನೋಡಿಕೊಳ್ಳಬೇಕು. ಕೆಲವು ಕಡೆ ಲೇಖನ ಮುಗಿಯುತ್ತಿದ್ದಂತೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು ಎಂದು ಮುಗಿಯದ ಸರಪಳಿ. ವೀರಗಲ್ಲಿನ ಲೇಖನ ಉಳಿಸಲು ಹೋದರೆ ಸಿನಿಮಾ ನಟಿಯ ಮದುವೆಯೂ ಚಿನ್ನದ ಧಾರಣೆಯೂ ಜತೆಗೆ ಬರುತ್ತವೆ. ಇನ್ನೂ ಕೆಲವು ಪುಟಗಳಲ್ಲಿ ಬರಹವೇ ಪುಟದೊಳಗೆ ಇರುವುದಿಲ್ಲ. ಒಂದು ಸಣ್ಣ ಕಾರ್ಯಕ್ರಮ ಪ್ರತಿ ಸಲವೂ ಮೂಲಸ್ಥಾನಕ್ಕೆ ಹೋಗಿ ತಂದು ಜೋಡಿಸುತ್ತದೆ. ಅಂಥದನ್ನು ಉಳಿಸಿ, ಸಂಪರ್ಕವಿಲ್ಲದಾಗ ತೆರೆದರೆ ಒಂದು ಕ್ಷಣ ಲೇಖನ ಕಂಡು, ಮರುಕ್ಷಣ ಬೆಳ್ಳಗಾಗುವುದೂ ಉಂಟು. ಬಣ್ಣದ ವಿನ್ಯಾಸಕ್ಕೆ ಖರ್ಚು ಮಾಡುವ ಕನ್ನಡ ತಾಣಗಳು ‘ಮುದ್ರಣಕ್ಕೆ’ ಎಂಬ ಒಂದು ಸರಳ ಪುಟವನ್ನೂ ಇಟ್ಟರೆ ಅವರಿಗೆ ನಷ್ಟವೇನು? ಅದು ಹಿಂದೆ ಅನೇಕ ಕಡೆ ಇತ್ತು.

ಇಷ್ಟೆಲ್ಲ ಆಕ್ಷೇಪಿಸಿದ ಮೇಲೆ ಮೆಚ್ಚಿಕೆಯಾದದ್ದನ್ನೂ ಹೇಳುವುದು ನ್ಯಾಯ. ‘ಸಿಂಗಲ್‌ಫೈಲ್’ ಎಂಬ ಒಂದು ಸೇರ್ಪಡೆಯನ್ನು ಕ್ರೋಮ್, ಫೈರ್‌ಫಾಕ್ಸ್, ಎಡ್ಜ್‌ಗಳಿಗೆ ಉಚಿತವಾಗಿ ಹಾಕಿಕೊಳ್ಳಬಹುದು. ಅದು ಪುಟವನ್ನು ಆ ಗಳಿಗೆಯಲ್ಲಿ ಪರದೆಯ ಮೇಲೆ ಇದ್ದಂತೆಯೇ ಹಿಡಿದು, ಚಿತ್ರ, ಫಾಂಟು ಸಮೇತ ಒಂದೇ ಎಚ್‌ಟಿಎಂಎಲ್ ಫೈಲು ಮಾಡಿಕೊಡುತ್ತದೆ. ಯಾವ ಬ್ರೌಸರಿನಲ್ಲಾದರೂ ಅದು ತೆರೆಯುತ್ತದೆ, ಕನ್ನಡ ಪದ ಹುಡುಕಿದರೆ ಸಿಗುತ್ತದೆ. ಚಿತ್ರಗಳನ್ನು ಅಕ್ಷರರೂಪಕ್ಕೆ ತಿರುಗಿಸಿ ತುಂಬುವುದರಿಂದ ಅವುಗಳ ತೂಕ ಮೂರರಲ್ಲೊಂದು ಪಾಲು ಹೆಚ್ಚುತ್ತದೆ, ಆದರೆ ಇಂದಿನ ಪೆನ್‌ಡ್ರೈವ್‌ಗಳ ಕಾಲದಲ್ಲಿ ಅದು ದೊಡ್ಡ ಮಾತಲ್ಲ. ನಮ್ಮ ಬೈಂಡಿಗೆ ಹತ್ತಿರ ಬರುವುದು ಇದೊಂದೇ. ವಿಶ್ವಕೋಶದಂಥ ಓದಿಗೆ ಕಿವಿಕ್ಸ್ ಎಂಬುದೂ ಇದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಅಷ್ಟನ್ನೂ ಒಂದೇ ಫೈಲಾಗಿ ಇಳಿಸಿಕೊಂಡು ಸಂಪರ್ಕವಿಲ್ಲದೆ ಓದಬಹುದು. ಸಂಘದ ಕನ್ನಡ ತರಗತಿ ನಡೆಸುವವರು ಇದನ್ನು ಗಮನಿಸಲಿ.

1996ರಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್, 2001ರಲ್ಲಿ ಅದು ಎಲ್ಲರಿಗೂ ತೆರೆದಿಟ್ಟ ವೇಬ್ಯಾಕ್ ಮೆಷಿನ್, ಇವುಗಳ ಋಣ ಕನ್ನಡಿಗರ ಮೇಲೂ ಇದೆ. ಮುಚ್ಚಿದ ಎಷ್ಟೋ ಕನ್ನಡ ತಾಣಗಳ ಪುಟ ಸಿಗುವುದಾದರೆ ಅಲ್ಲಿಯೇ. ನಾವೂ ಅಲ್ಲಿಗೆ ಹೋಗಿ ಒಂದು ವಿಳಾಸ ಕೊಟ್ಟು ಇದನ್ನು ಉಳಿಸಿರಿ ಎನ್ನಬಹುದು. ಅದಕ್ಕೆ ಶುಲ್ಕವಿಲ್ಲ. ಆದರೆ ಎಲ್ಲ ಭಾರವನ್ನೂ ಅವರ ಮೇಲೆ ಹಾಕಿ ನಿಶ್ಚಿಂತರಾಗುವುದು ಸಲ್ಲದು. 2024ರ ಅಕ್ಟೋಬರ್‌ನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಆ ತಾಣವೇ ಹಲವು ದಿನ ಬಾಗಿಲು ಹಾಕಿತ್ತು. ಹಳೆಯ ಫಾಂಟಿನ ಕನ್ನಡ ಪುಟಗಳು ಅಲ್ಲಿಯೂ ಬಹಳಷ್ಟು ಸಲ ಮುಖವಾಡ ಕಳಚಿಕೊಂಡೇ ಕಾಣುತ್ತವೆ.

ಕೊನೆಯದಾಗಿ ಒಂದು ಅಪ್ರಿಯ ಮಾತು. ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿದರೆ, ಲೇಖನಗಳ ಬುಡದಲ್ಲಿ ‘ಕೃಪೆ: ಅಂತರ್ಜಾಲ’ ಎಂಬ ಸಾಲು ಎಷ್ಟೋ ಕಡೆ ಕಣ್ಣಿಗೆ ಬೀಳುತ್ತದೆ. ಈಚೆಗೆ ‘ಕೃಪೆ: ವಾಟ್ಸಾಪ್’ ಎಂಬುದೂ ಬಂದಿದೆ. ಬಿಜಾಪುರದ ಯಾವುದೋ ಶಾಲೆಯ ಮೇಷ್ಟರು ರಜೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿ ಬರೆದದ್ದಕ್ಕೆ ಅಂತರ್ಜಾಲವನ್ನು ವಂದಿಸುವುದೆಂದರೆ, ಊಟ ಮಾಡಿ ಬಾಳೆ ಎಲೆಗೆ ಕೈ ಮುಗಿದಂತೆ. ಇದರಲ್ಲಿ ಸಂಪಾದಕರ ಸೋಮಾರಿತನ ಇದ್ದೇ ಇದೆ. ಉಳಿಸುವ ಆಜ್ಞೆಯ ಪಾಲೂ ಇದೆ. ಎಲ್ಲಿಂದ ತಂದದ್ದು ಎಂಬುದನ್ನು ಹಲವು ಬ್ರೌಸರುಗಳು ಫೈಲಿನ ಒಳಗೆ, ಓದುಗನಿಗೆ ಕಾಣದ ಮೊದಲ ಸಾಲುಗಳಲ್ಲಿ ಬರೆದಿಟ್ಟು ಸುಮ್ಮನಾಗುತ್ತವೆ. ಸಿಂಗಲ್‌ಫೈಲ್ ವಿಳಾಸದ ಜತೆಗೆ ಉಳಿಸಿದ ತೇದಿಯನ್ನೂ ಬರೆಯುತ್ತದೆ, ಬೇಕೆಂದರೆ ಕಾಣುವಂತೆಯೂ ಮಾಡಬಹುದು. ಅಕ್ಷರ ಮಾತ್ರ ಎತ್ತಿ ಅಂಟಿಸಿದವರ ಕೈಗೆ ಇದೊಂದೂ ಬರುವುದಿಲ್ಲ. ಲೇಖಕರ ಹೆಸರು ಕಳಚಿ ಬೀಳುವುದು ಮೊದಲ ನಕಲಿನಲ್ಲಿಯೇ. ಸ್ವಂತ ಓದಿಗಾಗಿ ಒಂದು ಪ್ರತಿ ಇಟ್ಟುಕೊಳ್ಳುವುದನ್ನು ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ನ್ಯಾಯವಾದ ಬಳಕೆಯೆಂದು ಬಿಟ್ಟುಕೊಡುತ್ತದೆ. ಸಂಚಿಕೆಯಲ್ಲಿ ಅಚ್ಚು ಹಾಕುವುದು ಬೇರೆ ಮಾತು, ಅದಕ್ಕೆ ಬರೆದವರನ್ನು ಕೇಳಲೇಬೇಕು. ಹೆಸರೇ ಗೊತ್ತಿಲ್ಲದಿದ್ದರೆ ಯಾರನ್ನು ಕೇಳುವುದು?

ಆದ್ದರಿಂದ ಉಳಿಸುವಾಗ ಫೈಲಿಗೆ ನಾವೇ ಹೆಸರಿಡುವುದು ಮೇಲು. ಬ್ರೌಸರು ತಾನಾಗಿ ಕೊಡುವ ಹೆಸರು ಲೇಖನದ ಶೀರ್ಷಿಕೆ, ಅದರಲ್ಲಿ ಬರೆದವರು ಯಾರೆಂದು ಸಾಮಾನ್ಯವಾಗಿ ಇರುವುದಿಲ್ಲ. ಅದಲ್ಲದೆ ಕನ್ನಡದ ಉದ್ದ ಶೀರ್ಷಿಕೆಗೆ ಇನ್ನೊಂದು ತೊಡಕಿದೆ. ಫೋನುಗಳಲ್ಲೂ ಲಿನಕ್ಸ್ ಯಂತ್ರಗಳಲ್ಲೂ ಒಂದು ಹೆಸರಿಗೆ 255 ಬೈಟುಗಳ ಮಿತಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ, ಅಂದರೆ ಎಲ್ಲ ಸೇರಿ 85 ಮಾತ್ರ. ವಿಂಡೋಸಿನಲ್ಲಿ ಸಲೀಸಾಗಿ ಉಳಿದ ಫೈಲು ಫೋನಿಗೆ ನಕಲಾಗದೆ ನಿಂತರೆ ಕಾರಣ ಇದೇ ಇರಬಹುದು. ಬರೆದವರ ಹೆಸರು, ತಾಣದ ಹೆಸರು, ಉಳಿಸಿದ ತೇದಿ, ವಿಷಯಕ್ಕೆ ಎರಡು ಪದ. ಇಷ್ಟು 85ರೊಳಗೆ ಮುಗಿಯುತ್ತದೆ.